ಸ್ಟುಡಿಯೋದಿಂದ ಹಾರಿದ ಬಾಂಬರ್

2025ರ ಮೇ 8ರ ರಾತ್ರಿ ಕರಾಚಿ ಬಂದರು ಸುಟ್ಟು ಬೂದಿಯಾಯಿತು. ಸುಟ್ಟವರು ನಮ್ಮ ಕೆಲವು ಟಿವಿ ಚಾನೆಲ್‌ನವರು. ಬೆಳಗಾಗುವುದರೊಳಗೆ ಇಸ್ಲಾಮಾಬಾದೂ ಕೈವಶ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಚಹಾದಂಗಡಿಗಳಿಗೆ ಮರುದಿನ ಉಳಿದದ್ದು ಆಡಳಿತದ ಪ್ರಶ್ನೆಯೊಂದೇ: "ಲಾಹೋರಕ್ಕ ಡಿಸಿ ಯಾರನ್ನ ಹಾಕ್ತಾರಂತ್ರಿ?" ಅತ್ತ ಕರಾಚಿ ಬಂದರು ಎಂದಿನಂತೆ ನಡೆದೇ ಇತ್ತು. ಪಾಪ, ಅದಕ್ಕೆ ನಮ್ಮ ಚಾನೆಲ್ ಸಿಗುವುದಿಲ್ಲ.

ಮೇ 7ರ ನಸುಕಿನಲ್ಲಿ ನಮ್ಮ ಪಡೆಗಳು ಗಡಿಯಾಚೆಯ ಒಂಬತ್ತು ಉಗ್ರರ ನೆಲೆಗಳಿಗೆ ಹೊಡೆದದ್ದು ನಿಜ; ಹಿಡಿದದ್ದು 25 ನಿಮಿಷ. ಚಾನೆಲ್‌ಗಳಿಗೆ ಅಷ್ಟು ಸಾಲುತ್ತದೆಯೇ? ವಾಯುದಾಳಿಯ ಸೈರನ್ನನ್ನು ಎಷ್ಟು ಊದಿದರೆಂದರೆ, ನಿಜವಾದ ಸೈರನ್ ಕೂಗಿದಾಗ ಜನ ಓಡುವ ಬದಲು ರಿಮೋಟ್ ಹುಡುಕಿಯಾರೆಂದು ಕೇಂದ್ರ ಸರ್ಕಾರವೇ 'ಸಾಕು ನಿಲ್ಲಿಸಿ' ಅನ್ನಬೇಕಾಯಿತು.

ದಾಳಿಯ ವ್ಯೂಹಾತ್ಮಕ ಪರಿಣಾಮವನ್ನು ನಮ್ಮವರು ಅಳೆಯುವ ಕೊಳಗವೇ ಬೇರೆ. 2019ರ ಫೆಬ್ರವರಿ 26ರಂದು ಪಾಕಿಸ್ತಾನದ ಬಾಲಾಕೋಟ್ ಮೇಲೆ ನಮ್ಮ ವಾಯುದಾಳಿ; ಮರುದಿನವೇ ಬಿಜೆಪಿಯ ಯಡಿಯೂರಪ್ಪನವರ ಲೆಕ್ಕ ಸಿದ್ಧ: ಇದರಿಂದ ಕರ್ನಾಟಕದಲ್ಲಿ 22ಕ್ಕೂ ಹೆಚ್ಚು ಲೋಕಸಭಾ ಸೀಟು. ಮಾತು ತಿರುಚಿದ್ದಾರೆ ಎಂದು ಆಮೇಲೆ ಅಂದರು. ಪಕ್ಷಕ್ಕೆ ಬಂದದ್ದು 25. ಬಾಂಬು ಎಲ್ಲಿ ಬಿತ್ತೆಂಬುದಕ್ಕೆ ಇಂದಿಗೂ ಜಗಳವಿದೆ, ವೋಟು ಎಲ್ಲಿ ಬಿತ್ತೆಂಬುದಕ್ಕೆ ಇಲ್ಲ.

ಇವರ ನಡುವೆ ವಾಯುಪಡೆಯ ಪೈಲಟ್, ಕೊಡಗಿನ ಅಜ್ಜಮಾಡ ದೇವಯ್ಯನವರದು ತೀರಾ ಹಳೇ ಪದ್ಧತಿಯ ಯುದ್ಧ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ನಮ್ಮ ಮಿಸ್ಟೀರ್ ವಿಮಾನಗಳಿಗೆ ಅವರು ಸ್ಟ್ಯಾಂಡ್‌ಬೈ. ಯಾರಾದರೂ ಹಿಂದುಳಿದರೆ ಮಾತ್ರ ಹೋಗಬೇಕು. ಹೋದರು. ವೇಗದಲ್ಲಿ ತಮ್ಮ ವಿಮಾನವನ್ನು ಎಲ್ಲೋ ಹಿಂದೆ ಹಾಕುವ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಕೆಡವಿದರು, ಮರಳಲಿಲ್ಲ. ಆ ದಾಳಿಗಳಿಂದ ಸರ್ಗೋಧಾ ಮುಚ್ಚಿಹೋಗಲೂ ಇಲ್ಲ. ದೇವಯ್ಯ ಮಾಡಿದ್ದೇನೆಂದು ನಮಗೆ ಗೊತ್ತಾಗಲು ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1979ರಲ್ಲಿ ಪುಸ್ತಕ ಬರೆಯಬೇಕಾಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಬ್ರೇಕಿಂಗ್ ನ್ಯೂಸ್ ಬ್ರೇಕ್ ಆಗಲು 23 ವರ್ಷ!

ತಡವೆಂಬುದು ನಮ್ಮ ಜಿಲ್ಲೆಗೇನು ಹೊಸದಲ್ಲ. ವಿಜಯಪುರದ ಬುರಣಾಪುರದ ಬಳಿ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಇಟ್ಟವರು ಅದೇ ಯಡಿಯೂರಪ್ಪನವರು, ಆಗ ಮುಖ್ಯಮಂತ್ರಿ. ಕರಾಚಿ 'ಬಿದ್ದ' ರಾತ್ರಿಯವರೆಗೂ ಅಲ್ಲಿಂದ ಪ್ರಯಾಣಿಕರ ವಿಮಾನಸಂಚಾರ ಶುರುವಾಗಿರಲಿಲ್ಲ. ಗುತ್ತಿಗೆಯನ್ನು ಚಾನೆಲ್‌ನವರಿಗೇ ಕೊಟ್ಟಿದ್ದರೆ ಒಂಬತ್ತರ ವಾರ್ತೆಯೊಳಗೆ ಉದ್ಘಾಟನೆಯೂ ಮುಗಿದು, ಹತ್ತಕ್ಕೆ ಚರ್ಚೆ ಶುರುವಾಗುತ್ತಿತ್ತು.