ಒತ್ತಿದ ಬ್ರೆಡ್ಡು, ಹಿಂಡಿದ ಮಂಡಕ್ಕಿ

ಉದ್ದನೆಯ ಬ್ರೆಡ್ಡನ್ನು ಸೀಳಿ, ಅದರೊಳಗೆ ಹುರಿದ ಹಂದಿಮಾಂಸ, ಉಪ್ಪಿನಲ್ಲಿ ಹದಗೊಳಿಸಿದ ಹಂದಿತೊಡೆಯಾದ ಹ್ಯಾಮ್, ಸ್ವಿಸ್ ಚೀಸ್, ಉಪ್ಪುನೀರಿನ ಸೌತೆಕಾಯಿ ಮತ್ತು ಸಾಸಿವೆ ಗೊಜ್ಜನ್ನಿಟ್ಟು, ಕಾದ ಲೋಹದ ಹಲಗೆಗಳ ನಡುವೆ ಚಪ್ಪಟೆಯಾಗುವಂತೆ ಒತ್ತಿದರೆ ಕ್ಯೂಬನ್ ಸ್ಯಾಂಡ್‌ವಿಚ್ ಸಿದ್ಧವಾಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಚುಟ್ಟಾ ಸುತ್ತುವ ಕಾರ್ಮಿಕರ ಹೊಟ್ಟೆ ತುಂಬಿಸಿದ ಈ ತಿನಿಸನ್ನು ಮನೆಯಲ್ಲಿ ಮಾಡುವವರು ಯಂತ್ರವಿಲ್ಲದಿದ್ದರೆ ಅದರ ಮೇಲೆ ಕಬ್ಬಿಣದ ಬಾಣಲೆಯನ್ನು ಹೇರುತ್ತಾರೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಗಳಲ್ಲಿ ಹೀಗೆ ಹೊಟ್ಟೆ ತುಂಬಿಸುವ ತಿನಿಸಿನ ಸ್ಥಾನ ಒಗ್ಗರಣಿ-ಮಿರ್ಚಿಗೆ ಸಲ್ಲುತ್ತದೆ. ನೆನೆಸಿದ ಮಂಡಕ್ಕಿಯನ್ನು ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನಗಳ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದ್ದು ಒಗ್ಗರಣಿ. ಸೀಳಿದ ಉದ್ದ ಮೆಣಸಿನಕಾಯಿಗೆ ಉಪ್ಪು, ಜೀರಿಗೆ, ಓಮ ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು ಮಿರ್ಚಿ. ಅಲ್ಲಿ ಒತ್ತುವುದು ಹೇಗೋ ಇಲ್ಲಿ ಹಿಂಡುವುದು ಹಾಗೆ ಪ್ರಧಾನವಾಗಿದ್ದು, ಹೆಚ್ಚು ಹಿಂಡಿದರೆ ಮಂಡಕ್ಕಿ ಮುದ್ದೆಯಾಗುತ್ತದೆ, ಕಡಿಮೆ ಹಿಂಡಿದರೆ ನೀರು ತಟ್ಟೆಗಿಳಿಯುತ್ತದೆ. ಹದವನ್ನು ಅಳೆಯುವ ಉಪಕರಣ ಮುಷ್ಟಿಯೊಂದೇ ಆದ್ದರಿಂದ, ಅದನ್ನು ಕೇಳಿದವರಿಗೆ ಹಿರಿಯರು ಮುಷ್ಟಿಯನ್ನೇ ತೋರಿಸುತ್ತಾರೆ, ಅದು ಪಾಠವೋ ಎಚ್ಚರಿಕೆಯೋ ಎಂಬುದನ್ನು ಕೇಳಿದವರೇ ನಿರ್ಧರಿಸಬೇಕಾಗುತ್ತದೆ.

ಮನೆಯ ಮಿರ್ಚಿಗೆ ಅಂಗಡಿಯ ರುಚಿ ಬರುವುದಿಲ್ಲವೆಂಬುದು ಇಲ್ಲಿನ ಸರ್ವಸಮ್ಮತ ಸಿದ್ಧಾಂತವಾಗಿದ್ದು, ಮನೆಯವರು ಅದನ್ನು ಸಾಮಾನ್ಯವಾಗಿ ಐದನೆಯ ಮಿರ್ಚಿಯನ್ನು ಕೈಯಲ್ಲಿ ಹಿಡಿದುಕೊಂಡು ಮಂಡಿಸುತ್ತಾರೆ. ಅಂಗಡಿಯ ದೊಡ್ಡ ಬಾಣಲೆಯಲ್ಲಿ ಎಣ್ಣೆಯ ಕಾವು ಸುಲಭವಾಗಿ ತಗ್ಗುವುದಿಲ್ಲ. ಮನೆಯ ಚಿಕ್ಕ ಬಾಣಲೆಗೆ ನಾಲ್ಕು ಮಿರ್ಚಿ ಇಳಿಯುತ್ತಲೇ ಎಣ್ಣೆ ತಣ್ಣಗಾಗಿ, ಗರಿಗರಿಯಾಗಬೇಕಾದ ಹಿಟ್ಟು ಅದನ್ನು ಹೀರಿಕೊಳ್ಳುತ್ತದೆ ಎಂಬ ಭೌತಿಕ ಕಾರಣವನ್ನು ಆ ಹೊತ್ತಿನಲ್ಲಿ ವಿವರಿಸಿದರೆ ಕೇಳುವವರಿರುವುದಿಲ್ಲ.

ಸ್ಯಾಂಡ್‌ವಿಚ್‌ಗೆ ಮಸಾಲೆ ಹಾಕಿದ ಒಣಮಾಂಸವಾದ ಸಲಾಮಿ ಸೇರಬೇಕೆಂದು ಫ್ಲಾರಿಡಾದ ಟ್ಯಾಂಪಾ ನಗರದವರೂ ಕೂಡದೆಂದು ಅಲ್ಲಿನದೇ ಮಯಾಮಿಯವರೂ ವಾದಿಸುತ್ತ ಬಂದಿದ್ದು, 2012ರಲ್ಲಿ ಟ್ಯಾಂಪಾದ ನಗರಸಭೆ ತನ್ನ ಬಗೆಯನ್ನೇ ಊರಿನ ಗುರುತಿನ ತಿನಿಸೆಂದು ಘೋಷಿಸಿಬಿಟ್ಟಿತು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಹರಪನಹಳ್ಳಿಯಲ್ಲಿ ಕಚೇರಿಯ ಬೋರ್ಡುಗಳು ಬದಲಾದರೂ ಮಿರ್ಚಿಯ ಬಾಣಲೆ ಒಲೆಯಿಂದ ಇಳಿಯದಿದ್ದುದನ್ನು ನೋಡಿದರೆ, ಇಲ್ಲಿ ಅಂಥ ಘೋಷಣೆಯ ಅಗತ್ಯ ಕಾಣುವುದಿಲ್ಲ. ಒಂದು ವೇಳೆ ಐದೂ ಊರುಗಳವರ ಸಭೆಯನ್ನು ಕರೆದರೂ, ತಿಂಡಿಗೆ ಯಾವ ಊರಿನ ಮಿರ್ಚಿ ತರಿಸಬೇಕೆಂಬ ಮೊದಲ ವಿಷಯದಲ್ಲೇ ಅದು ಮುಂದಕ್ಕೆ ಹೋಗುವ ಸಂಭವ ಹೆಚ್ಚು.