ಉಪ್ಪಿನಕಾಯಿ ಅಂಗಡಿಗೆ ಆಟೊಮೇಶನ್ ಬಂದದ್ದು

ಮನೆಯಲ್ಲಿ ನಡೆಯುವ ವ್ಯಾಪಾರದಲ್ಲಿ ಯಾವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು ಎಂದು ಕೇಳಿ ನೋಡಿ. ಪ್ರತಿಯೊಬ್ಬರೂ ತಡಮಾಡದೆ ಇನ್ನೊಬ್ಬರ ಕೆಲಸವನ್ನು ತೋರಿಸುತ್ತಾರೆ. ತಮ್ಮ ಕೆಲಸಕ್ಕೆ ಮಾತ್ರ ಅನುಭವ ಬೇಕು, ಕೈಗುಣ ಬೇಕು, ಅದು ಯಂತ್ರಕ್ಕೆ ದಕ್ಕುವಂಥದ್ದಲ್ಲ. ನಮ್ಮಲ್ಲಿ ಈ ಪ್ರಶ್ನೆ ಎದ್ದಾಗ ನನ್ನ ಹೆಂಡತಿ ನನ್ನ ಲೆಕ್ಕದ ಪುಸ್ತಕ ತೋರಿಸಿದಳು. ನಾನು ಅವಳ ಫೋನ್ ಮಾತುಕತೆ ತೋರಿಸಿದೆ. ಪ್ರಶ್ನೆ ಎತ್ತಿದ ಅಣ್ಣನ ಮಗ ನಮ್ಮಿಬ್ಬರನ್ನೂ ತೋರಿಸಿದ.

ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿಯ ವ್ಯಾಪಾರ. ಸಾಗರ, ಶಿರಸಿ ಕಡೆಯ ಮಾವಿನ ಮರಗಳಿಂದ ಎಳೆಯ ಮಿಡಿಯನ್ನು ತೊಟ್ಟು ಮುರಿಯದ ಹಾಗೆ ಕೊಯ್ಯಬೇಕು. ತೊಟ್ಟು ಹೋದರೆ ಸೊನೆ ಹೋಯಿತು, ಸೊನೆ ಹೋದರೆ ಪರಿಮಳವೂ ಹೋಯಿತು. ಉಪ್ಪಿನಲ್ಲಿ ಹಾಕಿಟ್ಟು, ಮಿಡಿ ನೀರು ಬಿಟ್ಟು ಮುರುಟಿದ ಮೇಲೆ ಸಾಸಿವೆ, ಮೆಣಸು ಬೀಸಿ ಖಾರ ಕೂಡಿಸಬೇಕು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಮಿಡಿಯನ್ನು ನಮ್ಮ ಕಡೆ ಈಗಲೂ ನೂರಕ್ಕೆ ಇಷ್ಟು ಎಂದು ಎಣಿಸಿ ಮಾರುತ್ತಾರೆ. ಇಷ್ಟು ಹಳೇ ಪದ್ಧತಿಯ ವಸ್ತುವನ್ನು ನಾವು ಮಾರುವುದು ಮಾತ್ರ ವಾಟ್ಸ್ಆ್ಯಪ್‌ನಲ್ಲಿ, ಮತ್ತು ಅಣ್ಣನ ಮಗ ಕಟ್ಟಿಕೊಟ್ಟ ಒಂದು ವೆಬ್‌ಸೈಟಿನಲ್ಲಿ. ಕಚೇರಿ ಎಂದರೆ ಜಗುಲಿಯಲ್ಲಿ ಸಿಗ್ನಲ್ ಸಿಗುವ ಮೂಲೆಗೆ ಹಾಕಿದ ಕುರ್ಚಿ.

ಈ ಅಣ್ಣನ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವನು. ರಜೆಗೆ ಬಂದವನು ಊಟ ಮಾಡಿ ಮಲಗಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ಆದರೆ ನಾವು ಕೂತು ಪಾರ್ಸೆಲ್ಲಿನ ಮೇಲೆ ವಿಳಾಸ ಬರೆಯುವುದನ್ನು ನೋಡಿ ಅವನಿಗೆ ಜೀವ ತಡೆಯಲಿಲ್ಲ. ಲ್ಯಾಪ್‌ಟಾಪ್ ತೆಗೆದು ನಮ್ಮ ಕೆಲಸಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ಇಳಿಸಿದ. ಯಾವ ಕೆಲಸ, ಯಾರು ಮಾಡುವುದು, ದಿನಕ್ಕೆ ಎಷ್ಟು ಹೊತ್ತು. ನನ್ನ ಹೆಸರಿನ ಮುಂದೆ ಬಂದ ಹೊತ್ತನ್ನು ಹೆಂಡತಿ ಒಮ್ಮೆ ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಕೆಲವು ಕೆಲಸಗಳು ತಕರಾರಿಲ್ಲದೆ ಯಂತ್ರದ ಪಾಲಾದವು. ಮೊದಲನೆಯದು ವಿಳಾಸದ ಚೀಟಿ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್ ಆರೇ ಅಂಕಿಯದ್ದು, ಆದರೆ ಅದರಲ್ಲಿ ಒಂದೊಂದಕ್ಕೂ ತೂಕವಿದೆ. ಬರೆಯುವ ಕೈ ದಣಿದು 577ರ ನಡುವಿನ 7 ಒಂದರ ಹಾಗೆ ಕಂಡರೆ ದಾವಣಗೆರೆಗೆ ಹೊರಟ ಉಪ್ಪಿನಕಾಯಿ ಚಿತ್ತೂರಿನ ದಾರಿ ಹಿಡಿಯುತ್ತದೆ. ಯಂತ್ರದ 7 ಬೆಳಿಗ್ಗೆಯೂ 7, ಸಂಜೆಯೂ 7. ಪಾರ್ಸೆಲ್ ಹೊರಟಿತು, ಇದು ಅದರ ಟ್ರ್ಯಾಕಿಂಗ್ ನಂಬರ್ ಎಂದು ಗಿರಾಕಿಗೆ ತಿಳಿಸುವುದೂ ಯಂತ್ರಕ್ಕೆ ಹೋಯಿತು. ಎಷ್ಟು ಬಾಟಲಿ ಉಳಿದಿದೆ ಎಂಬ ಲೆಕ್ಕವೂ ಹೋಯಿತು. ಇಲ್ಲದ ಉಪ್ಪಿನಕಾಯಿಯನ್ನು ಇದೆ ಎಂದು ಮಾರುವ ಪ್ರಮೇಯ ತಪ್ಪಿತು. ಹೆಂಡತಿ ವಿಳಾಸದ ನಮೂನೆಯನ್ನು ನೋಡಿ ಒಂದೇ ಆಕ್ಷೇಪ ಎತ್ತಿದಳು: “ಗಣಪತಿ ಗುಡಿ ಎದುರು, ನೀಲಿ ಗೇಟು, ನಾಯಿ ಇದೆ ಅಂತ ಬರೆಸ್ತಾರಲ್ಲ ಒಬ್ಬರು, ಆ ನಾಯಿಗೆ ಇದರಲ್ಲಿ ಜಾಗ ಎಲ್ಲಿ?” ಅಣ್ಣನ ಮಗ ‘ಗುರುತು’ ಎಂಬ ಒಂದು ಖಾನೆ ಸೇರಿಸಿ ನಾಯಿಯನ್ನು ಒಳಗೆ ಬಿಟ್ಟುಕೊಂಡ.

ಜಗಳ ಶುರುವಾದದ್ದು ಉತ್ತರ ಕೊಡುವ ಕೆಲಸಕ್ಕೆ ಬಂದಾಗ. ವ್ಯಾಪಾರಸ್ಥರಿಗೆಂದೇ 2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಸ್ವಾಗತ ಸಂದೇಶ ಎಂಬ ಸೌಲಭ್ಯವಿದೆ. ನಾವು ಅಡಿಗೆಮನೆಯಲ್ಲಿದ್ದರೂ, ನಿದ್ದೆಯಲ್ಲಿದ್ದರೂ ಅದು ನಮ್ಮ ಪರವಾಗಿ ನಮಸ್ಕಾರ ಹೇಳುತ್ತದೆ. ಅಣ್ಣನ ಮಗ ಅದಕ್ಕೊಂದು ಒಕ್ಕಣೆ ಬರೆದು ಹೆಮ್ಮೆಯಿಂದ ತೋರಿಸಿದ.

“ಇದು ಯಾರಿಗೆಲ್ಲ ಹೋಗ್ತದೆ?” ಎಂದಳು ಹೆಂಡತಿ.

“ಮೊದಲ ಸಲ ಮೆಸೇಜ್ ಮಾಡಿದವರಿಗೆ, ಚಿಕ್ಕಮ್ಮ. ಮತ್ತೆ 14 ದಿನ ಮಾತುಕತೆ ಇಲ್ಲದೆ ಇದ್ದು ಆಮೇಲೆ ಮೆಸೇಜ್ ಮಾಡಿದವರಿಗೆ.”

“ನಮ್ಮಕ್ಕ ತಿಂಗಳಿಗೊಂದು ಸಲ ಮಾಡ್ತಾಳೆ. ಅವಳಿಗೂ?”

“ಬೇಡದವರನ್ನ ಪಟ್ಟಿಯಿಂದ ಬಿಡಬಹುದು.”

“ನಮ್ಮಕ್ಕ ಬೇಡದವಳಾ? ಇರಲಿ. ಊರಲ್ಲಿ ಯಾರೋ ತೀರಿಕೊಂಡ್ರು ಅಂತ ಮೆಸೇಜ್ ಬಂತು ಅಂತಿಟ್ಕೊ ಮಾಣಿ. ಆಗ ಇದು ಏನು ಹೇಳ್ತದೆ?”

ಅವನು ತೆರೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿದ: “ನಮಸ್ಕಾರ! ನಿಮ್ಮ ಸಂದೇಶ ನಮಗೆ ತುಂಬ ಸಂತೋಷ ತಂದಿದೆ. ಈ ಹಂಗಾಮಿನ...” ಅಷ್ಟಕ್ಕೇ ನಿಲ್ಲಿಸಿ ಲ್ಯಾಪ್‌ಟಾಪ್ ಮುಚ್ಚಿ, ಕುಡಿಯಲು ನೀರು ಕೇಳಿದ.

ಕೊನೆಗೆ ಉಳಿದ ಒಕ್ಕಣೆ ಹೆಂಡತಿಯದು: “ನಿಮ್ಮ ಮೆಸೇಜ್ ಬಂದಿದೆ. ಸಂಜೆಯೊಳಗೆ ಉತ್ತರ ಕೊಡುತ್ತೇವೆ.” ಮದುವೆಗೂ ಆಗುತ್ತದೆ, ಶ್ರಾದ್ಧಕ್ಕೂ ಆಗುತ್ತದೆ. ಯಂತ್ರದ ಕೈಗೆ ಕೊಡುವ ಮಾತು ಹಾಗೆಯೇ ಇರಬೇಕು ಎಂಬುದು ಅವಳ ಸಿದ್ಧಾಂತ. ಬೆಳ್ಳುಳ್ಳಿ ಹಾಕುತ್ತೀರಾ, ಎಷ್ಟು ತಿಂಗಳು ಕೆಡದೆ ಇರುತ್ತದೆ, ಹೊರ ರಾಜ್ಯಕ್ಕೆ ಕಳಿಸುತ್ತೀರಾ ಎಂಬ ದಿನನಿತ್ಯದ ಪ್ರಶ್ನೆಗಳಿಗೆ ಸಿದ್ಧ ಉತ್ತರ ಬರೆದಿಡಲು ಅವಳ ಅಡ್ಡಿಯಿರಲಿಲ್ಲ. ಆದರೆ ಯಾರಿಗೆ ಯಾವುದು ಎಂದು ನೋಡಿ ಕಳಿಸುವ ಬೆರಳು ತನ್ನದೇ ಆಗಬೇಕು ಎಂದಳು. “ಬೆಳ್ಳುಳ್ಳಿ ಹಾಕ್ತೀರಾ ಅಂತ ಕೇಳೋರಲ್ಲಿ ಅರ್ಧ ಜನಕ್ಕೆ ಬೇಕು, ಅರ್ಧ ಜನಕ್ಕೆ ಬೇಡ. ಯಾರು ಯಾವ ಪಕ್ಷ ಅಂತ ನಿನ್ನ ಯಂತ್ರಕ್ಕೆ ಗೊತ್ತಾಗ್ತದಾ?”

ಕ್ಯಾಶ್ ಆನ್ ಡೆಲಿವರಿ ಇನ್ನೊಂದು ಕಥೆ. ದುಡ್ಡು ಆಮೇಲೆ ಕೊಡುತ್ತೇನೆ ಎಂದು ಆರ್ಡರ್ ಹಾಕಿದವರು ಪಾರ್ಸೆಲ್ ಬಂದಾಗ ಬೇಡ ಎಂದರೆ ಹೋಗುವ ಸಾಗಣೆ, ಬರುವ ಸಾಗಣೆ ಎರಡೂ ನಮ್ಮ ತಲೆಗೆ. ಅದಕ್ಕೇ ಹೊಸಬರಿಗೆಲ್ಲ ಹೆಂಡತಿ ಮೊದಲು ಫೋನ್ ಮಾಡುತ್ತಾಳೆ. ಇದನ್ನು ಯಂತ್ರಕ್ಕೆ ಕೊಡೋಣ, ‘ಆರ್ಡರ್ ಖಚಿತಪಡಿಸಲು ಒಂದನ್ನು ಒತ್ತಿ’ ಎಂದು ಅದೇ ಹೇಳುತ್ತದೆ ಎಂದ ಅಣ್ಣನ ಮಗ. ನಮ್ಮ ಗಿರಾಕಿಗಳಲ್ಲಿ ಬಹಳ ಜನ ಎಪ್ಪತ್ತು ದಾಟಿದವರು. ಯಂತ್ರ ಒಂದನ್ನು ಒತ್ತಿ ಎಂದರೆ ಅವರು “ಹಲೋ, ಯಾರು ಮಾತಾಡೋದು? ಕೇಳ್ತಾ ಇಲ್ಲ, ಸ್ವಲ್ಪ ಜೋರಾಗಿ ಹೇಳಿ” ಎನ್ನುತ್ತಾರೆ. ಯಂತ್ರ ಮತ್ತೆ ಅದನ್ನೇ ಹೇಳುತ್ತದೆ. ಇವರು ಫೋನನ್ನು ಸೊಸೆಯ ಕೈಗೆ ಕೊಡುತ್ತಾರೆ. ಸೊಸೆಗೆ ಈ ಆರ್ಡರಿನ ವಿಷಯವೇ ಗೊತ್ತಿರುವುದಿಲ್ಲ, ಏಕೆಂದರೆ ಅತ್ತೆಗೆ ಬಿಪಿ, ಡಾಕ್ಟರು ಉಪ್ಪಿನಕಾಯಿ ಬೇಡ ಎಂದಿದ್ದಾರೆ. ಆ ಮನೆಯಲ್ಲಿ ಮುಂದೆ ಏನು ನಡೆಯುತ್ತದೆ ಎಂಬುದಕ್ಕೆ ಸಾಫ್ಟ್‌ವೇರ್ ಹೊಣೆಯಲ್ಲ. ಫೋನ್ ಹೆಂಡತಿಯ ಕೈಯಲ್ಲೇ ಉಳಿಯಿತು.

ಬುಟ್ಟಿಗೆ ಹಾಕಿ ಕೊಳ್ಳದೆ ಹೋದವರಿಗೆ ಜ್ಞಾಪನೆ ಕಳಿಸುವುದು ದೊಡ್ಡ ಅಂಗಡಿಗಳ ರೂಢಿಯಂತೆ. ‘ನೀವು ಬಿಟ್ಟುಹೋದ ಅಪ್ಪೆಮಿಡಿ ನಿಮಗಾಗಿ ಕಾಯುತ್ತಿದೆ’ ಎಂದು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಜತೆಗೆ ದಿನವೂ ಎಲ್ಲರಿಗೂ ಒಂದು ಶುಭೋದಯ, ಒಂದು ಹೂವಿನ ಚಿತ್ರ. ಇದನ್ನು ಯಾರು ಮಾಡಬೇಕು ಎಂಬ ಚರ್ಚೆ ನಡೆಯುತ್ತಿದ್ದಾಗ ಹೆಂಡತಿ ಕೇಳಿದಳು: “ಇದನ್ನ ಮಾಡಲೇಬೇಕಾ?” ಅಣ್ಣನ ಮಗನ ಹಾಳೆಯಲ್ಲಿ ಈ ಪ್ರಶ್ನೆಗೆ ಖಾನೆಯೇ ಇರಲಿಲ್ಲ. ಬೇಡದ ಕೆಲಸವನ್ನು ಮನುಷ್ಯನ ಕೈಗೆ ಕೊಟ್ಟರೆ ಅವನು ನಾಲ್ಕು ದಿನಕ್ಕೆ ಬೇಸತ್ತು ಬಿಡುತ್ತಾನೆ. ಸೋಮಾರಿತನದಿಂದ ಲೋಕಕ್ಕೆ ಆಗಿರುವ ಉಪಕಾರ ಸಣ್ಣದಲ್ಲ. ಯಂತ್ರಕ್ಕೆ ಬೇಸರವೆಂಬುದಿಲ್ಲ. ಅದು ನಾವು ಸತ್ತ ಮೇಲೂ ಶುಭೋದಯ ಕಳಿಸುತ್ತಿರುತ್ತದೆ.

ಬೆಲೆಯ ವಿಷಯದಲ್ಲಿ ಮಾತ್ರ ನಾನು ಅಣ್ಣನ ಮಗನ ಪರವಾಗಿದ್ದೆ. ಬೇರೆಯವರ ಬೆಲೆ ನೋಡಿಕೊಂಡು ನಮ್ಮದನ್ನು ತಾನೇ ಏರಿಸಿ ಇಳಿಸುವ ಸಾಫ್ಟ್‌ವೇರ್ ಇದೆ ಎಂದ. ಒಳ್ಳೆಯದೇ ಅಲ್ಲವೇ ಎಂದುಕೊಂಡೆ. ಪ್ರಾಮಾಣಿಕ ಹುಡುಗ, ಅದರ ಕೇಡಿನ ಕಥೆಯನ್ನೂ ಅವನೇ ಹೇಳಿದ. 2011ರಲ್ಲಿ ಅಮೆಜಾನ್‌ನಲ್ಲಿ ಪೀಟರ್ ಲಾರೆನ್ಸ್ ಎಂಬವರ ‘ದ ಮೇಕಿಂಗ್ ಆಫ್ ಎ ಫ್ಲೈ’ ಎಂಬ ಪುಸ್ತಕವನ್ನು ಇಬ್ಬರು ಮಾರಾಟಕ್ಕಿಟ್ಟಿದ್ದರು. ನೊಣದ ಬೆಳವಣಿಗೆಯ ಕುರಿತ ವಿಜ್ಞಾನದ ಪುಸ್ತಕ. ಒಬ್ಬನ ಲೆಕ್ಕ, ಇನ್ನೊಬ್ಬನಿಗಿಂತ ಕೂದಲೆಳೆಯಷ್ಟು ಕಡಿಮೆ ಇಡುವುದು, ಅಂದರೆ ಅವನ ಬೆಲೆಯ 0.9983 ಪಾಲು. ಇನ್ನೊಬ್ಬನ ಲೆಕ್ಕ, ಮೊದಲನೆಯವನ ಬೆಲೆಯ ಸುಮಾರು 1.27 ಪಟ್ಟು ಇಡುವುದು. ಇಬ್ಬರದೂ ಯಂತ್ರವೇ, ನೋಡುವ ಮನುಷ್ಯ ಎರಡೂ ಕಡೆ ಇಲ್ಲ. ಅವನು ಏರಿಸಿದ, ಇವನು ಹಿಂಬಾಲಿಸಿದ, ಅವನು ಮತ್ತೆ ಏರಿಸಿದ. ಏಪ್ರಿಲ್ 18ಕ್ಕೆ ಆ ನೊಣದ ಪುಸ್ತಕದ ಬೆಲೆ 2,36,98,655 ಡಾಲರ್ 93 ಸೆಂಟ್. ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಅಂಚೆ ವೆಚ್ಚ 3 ಡಾಲರ್ 99 ಸೆಂಟ್ ಬೇರೆ.

“ಅಂಚೆ ವೆಚ್ಚಾನೂ ಬಿಡಲಿಲ್ವಾ!” ಎಂದು ಹೆಂಡತಿ ಮೂಗಿನ ಮೇಲೆ ಬೆರಳಿಟ್ಟಳು. ನಮ್ಮ ಬೆಲೆ ವರ್ಷಕ್ಕೊಮ್ಮೆ, ಮಿಡಿ ಕೊಯ್ಯುವವರ ಕೂಲಿ, ಸಾಸಿವೆಯ ದರ ನೋಡಿ ಅವಳೇ ನಿರ್ಧರಿಸುವುದು ಎಂದಾಯಿತು.

ಹೀಗೆ ಒಂದೊಂದನ್ನೇ ಕಿತ್ತುಕೊಳ್ಳುತ್ತ ಹೋದ ಹೆಂಡತಿ, ತಾನಾಗಿ ಯಂತ್ರದ ಕೈಗಿಟ್ಟ ಒಂದೇ ಕೆಲಸ ಬಾಕಿ ಕೇಳುವುದು. ನಮ್ಮ ಬಾಕಿದಾರರು ಅಪರಿಚಿತರಲ್ಲ. ಅಪರಿಚಿತರು ಯುಪಿಐಯಲ್ಲಿ ಕೊಟ್ಟೇ ತೆಗೆದುಕೊಳ್ಳುತ್ತಾರೆ. ಬಾಕಿ ಇರುವುದು ಭಾವನವರದು, ಷಡ್ಡಕನವರದು, ನಾನು ಕೂರುವ ಬ್ಯಾಂಕಿನ ಬೆಂಚಿನಲ್ಲೇ ಕೂರುವ ಹಳೇ ಸಹಪಾಠಿಯದು. “ಲೆಕ್ಕ ಆಮೇಲೆ ನೋಡೋಣ ಮಾರಾಯ” ಎಂದು ಬಾಟಲಿ ಒಯ್ದವರಿಗೆ ಆ ಆಮೇಲೆ ಯಾವಾಗ ಎಂದು ಕೇಳಲು ನಮಗೆ ಬಾಯಿ ಬಾರದು. ನಾನು ಕೇಳಲಿ ಎಂದು ಅವಳು, ಅವಳು ಕೇಳಲಿ ಎಂದು ನಾನು. ಈಗ ತಿಂಗಳ ಒಂದನೇ ತಾರೀಕು ಯಂತ್ರವೇ ಕೇಳುತ್ತದೆ: ‘ನಿಮ್ಮ ಬಾಕಿ ಇಷ್ಟು. ಕೆಳಗಿನ ಲಿಂಕ್ ಒತ್ತಿ ಪಾವತಿಸಿ.’ ಭಾವ ಸಿಟ್ಟಿನಿಂದ ಫೋನ್ ಮಾಡಿದರು. “ಅಯ್ಯೋ, ಅದು ಕಂಪ್ಯೂಟರ್ ಕಳಿಸೋದು ಭಾವಯ್ಯ. ನಮ್ಮ ಕೈಯಲ್ಲಿ ಏನೂ ಇಲ್ಲ. ಹೇಳಿದ್ರೂ ಕೇಳೋದಿಲ್ಲ ಅದು” ಎಂದಳು ಹೆಂಡತಿ, ಧ್ವನಿಯಲ್ಲಿ ಅಷ್ಟೂ ಮರುಕ ತುಂಬಿ. ಭಾವನವರೂ ಕಂಪ್ಯೂಟರನ್ನು ನಾಲ್ಕು ಮಾತು ಬೈದು, ಅದರ ಕಾಟ ತಪ್ಪಲಿ ಎಂದು ಅವತ್ತೇ ಕೊಟ್ಟರು. ಸಂಬಂಧ ಉಳಿಯಿತು, ದುಡ್ಡೂ ಬಂತು.

ಅಣ್ಣನ ಮಗ ಹೊತ್ತು ಉಳಿಯುವುದನ್ನು ಅಳೆಯುತ್ತಿದ್ದ. ಹೆಂಡತಿ ಅಳೆಯುತ್ತಿದ್ದದ್ದು ದಾಕ್ಷಿಣ್ಯವನ್ನು. ದಾಕ್ಷಿಣ್ಯ ಅಡ್ಡ ಬರುವ ಕೆಲಸ ಯಂತ್ರಕ್ಕೆ, ದಾಕ್ಷಿಣ್ಯ ಬೇಕೇಬೇಕಾದ ಕೆಲಸ ಮನುಷ್ಯರಿಗೆ. ಬಾಕಿ ಕೇಳುವುದು, ದಾಸ್ತಾನು ಮುಗಿದಾಗ ನೆಂಟರಿಗೂ ಇಲ್ಲ ಎನ್ನುವುದು, ಕೊಟ್ಟ ದಿನಾಂಕವನ್ನು ನೆನಪಿಸುವುದು ಮೊದಲನೆಯ ಗುಂಪು. ಒಡೆದು ಬಂದ ಬಾಟಲಿಗೆ ಸಮಾಧಾನ ಹೇಳುವುದು, ಮಗಳ ಬಾಣಂತನಕ್ಕೆ ಖಾರ ಕಡಿಮೆ ಮಾಡಿ ಕೊಡಿ ಎಂದವರಿಗೆ ಹೂಂ ಎನ್ನುವುದು ಎರಡನೆಯದು. ಮಿಡಿ ಹದಕ್ಕೆ ಬಂದಿದೆಯೇ ಎಂದು ಭರಣಿಯಿಂದ ಒಂದನ್ನು ತೆಗೆದು ಕಚ್ಚಿ ನೋಡುವುದು ಯಾವ ಗುಂಪಿಗೂ ಸೇರದೆ ನನ್ನ ಪಾಲಿಗೆ ಬಂತು. ಹಾಳೆಯಲ್ಲಿ ಈಗ ನನ್ನ ಹೆಸರಿನ ಮುಂದೆ ‘ಗುಣಮಟ್ಟ ಪರೀಕ್ಷೆ’ ಎಂದಿದೆ.

ಯಂತ್ರಕ್ಕೆ ಕೊಟ್ಟ ಕೆಲಸಕ್ಕೂ ಒಂದು ಷರತ್ತು ಇರಬೇಕು ಎಂಬುದನ್ನು ನಮಗಿಂತ ಮೊದಲೇ ಕಂಡುಕೊಂಡವರು ಜಪಾನಿನ ಸಾಕಿಚಿ ಟೊಯೊಡಾ. 1924ರಲ್ಲಿ ಸಿದ್ಧವಾದ ಅವರ ಸ್ವಯಂಚಾಲಿತ ಮಗ್ಗದ ಹೆಚ್ಚುಗಾರಿಕೆ ನೇಯುವ ವೇಗವೊಂದೇ ಅಲ್ಲ. ಒಂದು ಎಳೆ ತುಂಡಾದರೂ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ನಿಲ್ಲದ ಮಗ್ಗವಾದರೆ ಪಕ್ಕದಲ್ಲೇ ಒಬ್ಬ ಕಾವಲಿರಬೇಕು, ಇಲ್ಲವೇ ಗಜಗಟ್ಟಲೆ ಬಟ್ಟೆ ಹಾಳು. ನಿಲ್ಲಲು ಬಲ್ಲ ಮಗ್ಗಗಳಾದರೆ ಒಬ್ಬರೇ ಎಷ್ಟೋ ಮಗ್ಗಗಳನ್ನು ನೋಡಿಕೊಳ್ಳಬಹುದು. ಮುಂದೆ ಟೊಯೊಟಾ ಕಾರು ಕಾರ್ಖಾನೆ ಈ ಗುಣವನ್ನೇ ತನ್ನ ಪದ್ಧತಿಯ ಒಂದು ಕಂಬ ಮಾಡಿಕೊಂಡಿತು. ನಮ್ಮ ಜಗುಲಿಯಲ್ಲೂ ಅದೇ ಕಾನೂನು. ಪಿನ್‌ಕೋಡಿಗೂ ಊರಿಗೂ ತಾಳೆಯಾಗದಿದ್ದರೆ, ಒಂದೇ ಮನೆಯಿಂದ ಐವತ್ತು ಬಾಟಲಿಯ ಆರ್ಡರ್ ಬಂದರೆ, ಮೆಸೇಜಿನಲ್ಲಿ ‘ಒಡೆದಿದೆ’, ‘ಸೋರಿದೆ’ ಎಂಬ ಮಾತಿದ್ದರೆ ಯಂತ್ರ ಬಾಯಿ ಮುಚ್ಚಿಕೊಂಡು ಹೆಂಡತಿಯನ್ನು ಕರೆಯಬೇಕು. ಇಷ್ಟು ತಿಳಿವಳಿಕೆ ಮನೆಯ ಗಂಡಸರಿಗೂ ಇದ್ದಿದ್ದರೆ ಎಂದು ಅವಳು ಒಮ್ಮೆ ಅಂದಳು, ಯಾರನ್ನೂ ಉದ್ದೇಶಿಸಿ ಅಲ್ಲವಂತೆ.

ಹೊಸದಾಗಿ ಆನ್‌ಲೈನ್ ಅಂಗಡಿ ತೆರೆದವರಿಗೆ, ಹಪ್ಪಳವೋ ಸೀರೆಯೋ ಸಾಂಬಾರು ಪುಡಿಯೋ, ಏನೇ ಮಾರುವವರಿಗೆ ಒಂದು ಮಾತು. ಒಂದು ಹಂಗಾಮು ಎಲ್ಲವನ್ನೂ ಕೈಯಲ್ಲೇ ಮಾಡಿ. ಮಾಡಿದಾಗ ಯಾವುದು ಬೇಡದ ಕೆಲಸ ಎಂಬುದು ತಾನೇ ಗೊತ್ತಾಗುತ್ತದೆ. ಅದನ್ನು ಯಂತ್ರಕ್ಕೂ ಕೊಡಬೇಡಿ, ಬಿಟ್ಟೇಬಿಡಿ. ಪಟ್ಟಿ ಮಾಡಲು ಕೂತಾಗ ಪಕ್ಕದಲ್ಲಿ ಸಾಫ್ಟ್‌ವೇರ್ ಬಲ್ಲವರೊಬ್ಬರಿರಲಿ, ಗಿರಾಕಿಗಳನ್ನು ಬಲ್ಲವರೊಬ್ಬರಿರಲಿ, ಕೊನೆಯ ಮಾತು ಎರಡನೆಯವರದಾಗಲಿ. ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯದಿದ್ದರೆ ನೆಂಟರ ಬಾಕಿಯಿಂದ ಶುರುಮಾಡಿ. ಸಾಫ್ಟ್‌ವೇರಿನ ತಿಂಗಳ ಬಾಡಿಗೆ ಅಲ್ಲೇ ಹುಟ್ಟುತ್ತದೆ.