ಮಕರಸೂತ್ರಕ್ಕೆ ಕೆರೆ-ದಡ ಭಾಷ್ಯ

ಪೀಠಿಕೆ: ಮೊಸಳೆಯನ್ನು ಮಕ್ಕಳು ಜಾಣತನದಿಂದ ಗೆಲ್ಲುವುದು ಹೇಗೆ? ಈ ಗಹನ ಪ್ರಶ್ನೆಯನ್ನು ಪಂಡಿತರೆಲ್ಲ ದಡದಲ್ಲಿ ಕೂತೇ ಚರ್ಚಿಸಿದ್ದಾರೆ. ನಾವೂ ಹಾಗೆಯೇ. ಆದರೆ 2021ರ ಜುಲೈ 1ರಂದು ದಾಂಡೇಲಿ ಬಳಿಯ ಕೋಗಿಲಬನದಲ್ಲಿ ಮೊಸಳೆಯೇ ಕಾಳಿ ನದಿ ಬಿಟ್ಟು ಊರ ಬೀದಿಯಲ್ಲಿ ಗಂಭೀರವಾಗಿ ನಡೆದು ಬಂದದ್ದರಿಂದ ವಿಷಯ ಮರುವಿಚಾರಣೆಗೆ ಬಿತ್ತು.

ಪೂರ್ವಪಕ್ಷ: ಮೊದಲನೆಯದು ಪಂಚತಂತ್ರದ ಕಪಿಮತ. "ಹೃದಯ ಮರದ ಮೇಲೇ ಉಳಿಯಿತು" ಎಂದರೆ ಮೊಸಳೆ ನಂಬಿ ದಡಕ್ಕೆ ತಂದು ಬಿಡುತ್ತದಂತೆ. ಆಕ್ಷೇಪ: ಹೋಂವರ್ಕ್ ಮನೆಯಲ್ಲೇ ಉಳಿಯಿತು ಎಂದರೆ ನಮ್ಮ ಮಾಸ್ತರರೇ ನಂಬಿದವರಲ್ಲ.

ಎರಡನೆಯದು ಜನಪದ ಕತೆಯ ನರಿಮತ. ಮೊಸಳೆ ಕಾಲು ಹಿಡಿದಾಗ "ಅಯ್ಯೋ ಪೆದ್ದ, ಅದು ಬೇರು!" ಎಂದು ನಗಬೇಕು. ಆಕ್ಷೇಪ: ಮೊಸಳೆಯ ದವಡೆ ಮುಚ್ಚುವ ಸ್ನಾಯುಗಳು ಮಹಾಬಲಿಷ್ಠ, ತೆರೆಯುವವು ಬಡಪಾಯಿ. ಹಿಡಿದ ಮೇಲೆ ವ್ಯಾಕರಣ ತಿದ್ದಿಕೊಳ್ಳುವ ಪ್ರಾಣಿ ಅದಲ್ಲ.

ಮೂರನೆಯದು ಕಾಲಡಿಮತ. ಕಾಲಡಿಯಲ್ಲಿ ಬಾಲಕ ಶಂಕರಾಚಾರ್ಯರ ಕಾಲನ್ನು ನದಿಯಲ್ಲಿ ಮೊಸಳೆ ಹಿಡಿಯಿತು, ತಾಯಿ ಸಂನ್ಯಾಸಕ್ಕೆ ಒಪ್ಪಿದೊಡನೆ ಬಿಟ್ಟಿತು ಎಂದು ಐತಿಹ್ಯ. ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ಒಪ್ಪಿಸಲ್ಪಟ್ಟವರು ತಾಯಿ. ಮೊಸಳೆ ಬರೀ ಮಧ್ಯಸ್ಥ.

ಪ್ರತಿವಾದಿಯ ವಿದ್ವತ್ತು: ಮೊಸಳೆಯೂ ದಡ್ಡನಲ್ಲ. ಮದ್ರಾಸ್ ಮೊಸಳೆ ಬ್ಯಾಂಕ್ ಎಂಬ ಪಾಲನಾ ಕೇಂದ್ರದಲ್ಲಿ ಮೊಸಳೆಗಳು ಮೂತಿಯ ಮೇಲೆ ಕಡ್ಡಿ ಹೊತ್ತು ನಿಶ್ಚಲವಾಗಿ ಬಿದ್ದಿರುವುದನ್ನೂ, ಗೂಡಿಗೆ ಕಡ್ಡಿ ಹುಡುಕುವ ಬೆಳ್ಳಕ್ಕಿಗಳ ಮೇಲೆ ಅವುಗಳ ಕಣ್ಣಿರುವುದನ್ನೂ ಸಂಶೋಧಕರು 2013ರಲ್ಲಿ ವರದಿ ಮಾಡಿದ್ದಾರೆ. ಬಾಯಿಮಾತಿನ ಕಪಿಮತ ಇಂಥವನ ಮುಂದೆ ನಿಲ್ಲುವುದೆಂತು?

ಸಿದ್ಧಾಂತ: ನಮ್ಮ ಪ್ರಕಾರ ಈ ಶಾಸ್ತ್ರದ ಮೂಲಗ್ರಂಥವಿರುವುದು ಶಾಲೆಯ ಅಂಗಳದ ಕೆರೆ-ದಡ ಆಟದಲ್ಲಿ. ನೆಲದ ಮೇಲೊಂದು ಗೆರೆ. "ಕೆರೆ" ಎಂದರೆ ಒಳಕ್ಕೆ ನೆಗೆ, "ದಡ" ಎಂದರೆ ಹೊರಕ್ಕೆ, ತಪ್ಪಿದವರು ಔಟ್. ಇದನ್ನು ದೈಹಿಕ ಶಿಕ್ಷಣವೆಂದು ತಿಳಿದದ್ದು ಅಜ್ಞಾನ. ಇದು ಶುದ್ಧ ಮಕರಮೀಮಾಂಸೆ. ಕೋಗಿಲಬನದ ತೀರ್ಪೂ ಇದಕ್ಕೆ ಸಾಕ್ಷಿ. ಕೆರೆಯವನು ದಡಕ್ಕೆ ಬಂದ. ನಾಯಿ ಬೊಗಳಿತು, ಊರವರು ಮೊಬೈಲ್ ಹಿಡಿದು ಹಿಂದೆ ಬಂದರು, ಅರಣ್ಯ ಇಲಾಖೆಯವರು ಔಟಾದವನನ್ನು ಹಿಡಿದು ಮತ್ತೆ ನದಿಗೇ ಬಿಟ್ಟರು.

ಅದೇ 2021ರ ಅಕ್ಟೋಬರಿನಲ್ಲಿ ದಾಂಡೇಲಿಯಲ್ಲಿ, ಹೊಳೆಯಂಚಿನಲ್ಲಿ ಮೀನು ಹಿಡಿಯುತ್ತಿದ್ದ ಹುಡುಗನೊಬ್ಬನನ್ನು ಮೊಸಳೆ ಎಳೆದೊಯ್ದಿತು. ಈ ವಾಕ್ಯಕ್ಕೆ ನಮ್ಮಲ್ಲಿ ಭಾಷ್ಯವಿಲ್ಲ.

ಫಲಶ್ರುತಿ: ಕಣ್ಣು, ಮೂಗಿನ ಹೊಳ್ಳೆ ಇಷ್ಟನ್ನೇ ನೀರ ಮೇಲಿಟ್ಟು ಕಾಯುವವನು "ಕೆರೆ" ಎಂದು ಕೂಗಿ ಹೇಳುವುದಿಲ್ಲ. ಆದ್ದರಿಂದ ಯಾರೂ ಕೂಗದಿದ್ದಾಗಲೂ ದಡದಲ್ಲೇ, ನೀರಿನಿಂದ ನಾಲ್ಕು ಮಾರು ಹಿಂದೆ ನಿಲ್ಲುವ ಮಗುವೇ ಪರಮ ಜಾಣ. ಆ ಗೆಲುವಿಗೆ ಕತೆಯಿಲ್ಲ, ಚಪ್ಪಾಳೆಯಿಲ್ಲ. ಸೋತದ್ದು ಮೊಸಳೆಗೂ ಗೊತ್ತಾಗುವುದಿಲ್ಲ.